ಹದಿಮೂರನೇ ನಂಬರಿನ ತಂತಿ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಎರಡು ವಿದ್ಯುತ್ ಮಗ್ಗಗಳಿದ್ದವು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸಿನ ಎಳೆ ಕಡಿದಾಗ ಅದನ್ನು ಹುಡುಕಿ ಗಂಟು ಹಾಕುವುದು ನನ್ನ ಪಾಲಿನ ಕೆಲಸ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡಿಗ್ರಿ ಮುಗಿಸಿದ್ದ ನಾನು, ಕೆಲಸ ಹುಡುಕುತ್ತಿದ್ದೇನೆಂದು ಎಲ್ಲರಿಗೂ ಹೇಳಿಕೊಂಡು, ಹುಡುಕದೆ ಹಾಯಾಗಿದ್ದೆ. ಆಗಲೇ ಕಾಲೇಜಿನ ಗೆಳೆಯನೊಬ್ಬ ಊರು ಬಿಡುವಾಗ ತನ್ನ ಹಳೇ ಗಿಟಾರನ್ನು ನನಗೆ ಕೊಟ್ಟು ಹೋದ. ಆರು ತಂತಿಗಳಲ್ಲಿ ದಪ್ಪನೆಯ ಮೂರು ಮಾತ್ರ ಉಳಿದಿದ್ದವು, ಅವಕ್ಕೂ ತುಕ್ಕು.

ಹೊಸ ತಂತಿಗೆಂದು ಬೆಂಗಳೂರಿಗೆ ಹೋದೆ. ಒಂಬತ್ತು ಬೇಕೋ, ಹನ್ನೊಂದೋ, ಹದಿಮೂರೋ ಎಂದು ಅಂಗಡಿಯವರು ಕೇಳಿದರು. ಹೊಸಬನ ಬೆರಳಿಗೆ ತೆಳು ತಂತಿಯೇ ಸರಿ ಎಂದು ಗೆಳೆಯ ಮೊದಲೇ ಹೇಳಿದ್ದ. ಯಾವುದು ತೆಳು ಎಂದು ನೇಕಾರರ ಮಗನಿಗೆ ಯಾರಾದರೂ ಹೇಳಿಕೊಡಬೇಕೆ? ರೇಷ್ಮೆಗೆ ಬೇರೆ ಲೆಕ್ಕವಿತ್ತು, ನಿಜ. ಆದರೆ ಅಪ್ಪ ಮೊದಲು ನೇಯುತ್ತಿದ್ದದ್ದು ಹತ್ತಿ, ನನ್ನ ತಲೆಯಲ್ಲಿ ಕೂತದ್ದೂ ಹತ್ತಿಯ ಲೆಕ್ಕವೇ. ನಲವತ್ತರ ನೂಲು ದಪ್ಪ, ಅರವತ್ತರದ್ದು ಸಣ್ಣ, ನೂರರದ್ದು ಇನ್ನೂ ನಯ. ಹದಿಮೂರು ಕೊಡಿ ಎಂದೆ. ಕಲಿಯುವವರಿಗೆ ಅದು ಕಷ್ಟ ಎಂದು ಅವರು ಎಚ್ಚರಿಸಿದರು. ಒಳ್ಳೇ ಮಾಲು ಒಳಗಿಟ್ಟುಕೊಂಡು ಒರಟು ಮಾಲು ದಾಟಿಸಲು ನೋಡುತ್ತಿದ್ದಾರೆ ಎಂದುಕೊಂಡು, ಹಠ ಹಿಡಿದು ಹದಿಮೂರನ್ನೇ ತಂದೆ.

ಎರಡು ವಾರ ಹಲ್ಲು ಕಚ್ಚಿಕೊಂಡು ಬಾರಿಸಿದೆ. ಎಡಗೈ ಬೆರಳ ತುದಿಗಳು ಸುಲಿದು, ಒಣಗಿ, ಚಕ್ಕೆ ಎದ್ದವು. ವಿದ್ಯೆ ಎಂದ ಮೇಲೆ ಇಷ್ಟೂ ಇರುತ್ತದೆ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಒಂದು ಬೆಳಿಗ್ಗೆ ಕಡಿದ ಎಳೆ ಜೋಡಿಸಲು ಕೈ ಹಾಕಿದರೆ ಅಕ್ಕಪಕ್ಕದ ಎಳೆಗಳೂ ಬೆರಳಿನ ಚಕ್ಕೆಗೆ ಸಿಕ್ಕಿಕೊಂಡು ಬಂದವು. ಒಂದನ್ನು ಕಟ್ಟುವಷ್ಟರಲ್ಲಿ ನಾಲ್ಕು ಕಡಿದವು. ಅಪ್ಪ ಬಂದು ನನ್ನ ಅಂಗೈ ತಿರುಗಿಸಿ ನೋಡಿದರು.

"ಈ ಕೈ ರೇಷ್ಮೆ ಮುಟ್ಟಂಗಿಲ್ಲ ಕಣೋ. ಮಗ್ಗ ಬೇಕೋ, ಅದು ಬೇಕೋ?"

ಗಿಟಾರಿನ ಕತೆ ಇವತ್ತಿಗೆ ಮುಗಿಯಿತು ಎನಿಸಿತು. ಎರಡೂ ಬೇಕು ಎಂದೆ. ಅಪ್ಪ ಬೈಯಲಿಲ್ಲ. ಒಳಗೆ ಹೋಗಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ಮೇಲೆ ಬಿರಡೆಯ ಹತ್ತಿರ ಉಳಿದಿದ್ದ ತಂತಿಯ ತುದಿಯನ್ನು, ನೂಲು ಪರೀಕ್ಷಿಸುವ ಹಾಗೆ, ಕಣ್ಣು ಮುಚ್ಚಿ ಎರಡು ಬೆರಳ ನಡುವೆ ಹೊರಳಿಸಿದರು. ಕಲಿಯುವವನಿಗೆ ಇಷ್ಟು ದಪ್ಪದ್ದನ್ನು ಯಾರು ಕೊಟ್ಟರು ಎಂದು ಕೇಳಿದರು. ಅಂಗಡಿಯಲ್ಲಿ ನಡೆದದ್ದನ್ನು ಹೇಳಿದೆ. ಗಿಟಾರಿನ ತಂತಿಗೆ ನೂಲಿನ ಲೆಕ್ಕ ತಿರುವುಮುರುವು, ನಂಬರು ಏರಿದಷ್ಟೂ ದಪ್ಪ ಎಂದು ಇಬ್ಬರಿಗೂ ಆಗ ಹೊಳೆಯಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಾನೇ ಹೋಗಿದ್ರೂ ಹದಿಮೂರೇ ತರ್ತಿದ್ದೆ, ಬಿಡು."

ಆ ವಾರ ಬೆಂಗಳೂರಿನ ಚಿಕ್ಕಪೇಟೆಗೆ ಸೀರೆ ಕೊಡಲು ಹೊರಟವರು ನನ್ನನ್ನೂ ಕರೆದುಕೊಂಡು ಹೋದರು. ಕೆಲಸ ಮುಗಿಸಿ ನಾನು ತಂತಿ ತಂದಿದ್ದ ಅಂಗಡಿಗೇ ನುಗ್ಗಿ, ಒಂದೊಂದು ನಂಬರಿನ ತಂತಿಯನ್ನೂ ಬಿಚ್ಚಿಸಿ, ಬೆರಳಲ್ಲಿ ಹೊರಳಿಸಿ ನೋಡಿದರು. ಅಂಗಡಿಯವರಿಗೆ ರೇಗಿತ್ತು, ನನಗೆ ನಾಚಿಕೆ. ಕೊನೆಗೆ ಒಂಬತ್ತನ್ನು ಆರಿಸಿದರು. ಇದಕ್ಕೆ ಸದ್ದು ಕಮ್ಮಿ ಎಂದು ಅಂಗಡಿಯವರು ಹೇಳಿದಾಗ, ನಮ್ಮನೇಲಿ ಸದ್ದಿಗೇನೂ ಬರ ಇಲ್ಲ ಸ್ವಾಮಿ ಎಂದರು.

ಕೊಬ್ಬರಿ ಎಣ್ಣೆ ಸವರಿ ಸವರಿ ಒಂದು ತಿಂಗಳಲ್ಲಿ ಬೆರಳು ದಾರಿಗೆ ಬಂದವು. ಅಲ್ಲಿಯವರೆಗೂ ನನ್ನ ಕೆಲಸವನ್ನು ಅಮ್ಮ ಗೊಣಗಿಕೊಂಡೇ ಮಾಡಿದರು. ಗಿಟಾರ್ ಉಳಿಯಿತಲ್ಲ, ಅಷ್ಟೇ ಸಾಕಾಗಿತ್ತು ನನಗೆ. ಆದರೆ ಸಣ್ಣ ತಂತಿಯ ದನಿ ಎರಡು ಮಗ್ಗಗಳ ಅಬ್ಬರದಲ್ಲಿ ನನಗೇ ಕೇಳುತ್ತಿರಲಿಲ್ಲ. ಮರಕ್ಕೆ ಕಿವಿ ಒತ್ತಿಕೊಂಡು ಬಾರಿಸುತ್ತಿದ್ದೆ. ಅದನ್ನು ಅಪ್ಪ ಯಾವಾಗ ಗಮನಿಸಿದರೋ ಗೊತ್ತಿಲ್ಲ.

ಒಂದು ಸಂಜೆ, ಸೀರೆ ಇನ್ನೂ ಅರ್ಧ ಇರುವಾಗಲೇ, ಎರಡೂ ಮಗ್ಗ ನಿಂತವು. ಕರೆಂಟ್ ಹೋಯ್ತಾ ಎನ್ನುತ್ತಾ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದರು. ಅಪ್ಪ ಸ್ವಿಚ್ಚಿನ ಪಕ್ಕದಲ್ಲಿ ನಿಂತು ಪಂಚೆಗೆ ಕೈ ಒರೆಸಿಕೊಳ್ಳುತ್ತಿದ್ದರು.

"ಕರೆಂಟ್ ಐತೆ," ಎಂದು, ನನ್ನೆದುರು ಬಂದು ಕೂತರು. "ಬಾರ್ಸು."

ನನಗೆ ಬರುತ್ತಿದ್ದದ್ದು ಒಂದೇ ಹಾಡು, ಅದೂ ಅರ್ಧ. ಅದನ್ನೇ ಎರಡು ಸಲ ಬಾರಿಸಿದೆ.