ರಟ್ಟಿನ ಫೋನಿನಲ್ಲಿ ಅಳಿಯ

ಎರಡು ವರ್ಷ ತುಂಬಿದ ಮೊಮ್ಮಗಳಿಗೆ ಕಾಗದದ ಆಟ ಕಲಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದವಳು ಮಗಳು. ಅವಳು ನಂತೂರಿನಾಚೆ ಆಫೀಸಿಗೆ ಹೋಗುವವಳು, ಅಳಿಯ ದುಬೈಯಲ್ಲಿ. ಮಗು ಹಗಲಿಡೀ ಬೋಳಾರದ ಮನೆಯಲ್ಲಿ ನನ್ನ ಜೊತೆ.

"ಮೊಬೈಲ್ ಕೊಡ್ಬೇಡಿ ಉಮ್ಮ. ಪೇಪರ್‌ನಲ್ಲಿ ಎಂತಾದ್ರೂ ಮಾಡಿಸಿ. ಮೀನು, ಹೂವು..."

ಮಾಡಿಸಿದೆ. ಕಾಗದ ಮಡಚಿ ಮೀನು ಮಾಡಿಕೊಟ್ಟರೆ ಬಾಲ ಕಚ್ಚಿ ತಿಂದಳು. ಮೈದಾ ಕಾಯಿಸಿ ಅಂಟು ಮಾಡಿದರೆ ಅದನ್ನೂ ನೆಕ್ಕಿದಳು. ಹೂವಿಗೆಂದು ಕತ್ತರಿಸಿಟ್ಟ ಎಸಳುಗಳನ್ನು ನನ್ನ ಮೊಣಕಾಲಿಗೆ ಅಂಟಿಸಿದಳು. ಇದೆಲ್ಲ ಬಹಳ ಸುಲಭ ಎಂದು ವಿಡಿಯೊದಲ್ಲಿ ನಗುನಗುತ್ತಾ ಹೇಳುವ ಆ ಹೆಂಗಸು ಒಮ್ಮೆ ಕೈಗೆ ಸಿಗಬೇಕಿತ್ತು!

ಕೊನೆಗೆ ಸೀರೆ ಬಾಕ್ಸಿನ ಮುಚ್ಚಳ ತೆಗೆದು ನಡುವೆ ಮುಖದಷ್ಟು ಅಗಲದ ತೂತು ಕೊರೆದೆ. ಹಳೆಯ ಮದುವೆ ಕಾಗದದಿಂದ ಒಂದು ಕೆಂಪು ಬಿಲ್ಲೆ ಕತ್ತರಿಸಿ ಕೆಳಗೆ ಅಂಟಿಸಿದೆ. ದೊಡ್ಡ ಫೋನು! ಅದೊಂದು ಅವಳಿಗೆ ಹಿಡಿಸಿತು. ತೂತಿನಲ್ಲಿ ಮುಖ ಇಟ್ಟು ನಾನು ಹಲೋ ಅನ್ನಬೇಕು. ಅವಳು ಬಿಲ್ಲೆ ಒತ್ತಿದರೆ ಫೋನ್ ಕಟ್; ನಾನು ಬಗ್ಗಿ ಮಾಯವಾಗಬೇಕು. ನನ್ನ ಸೊಂಟದ ಕಥೆ ಯಾರಿಗೆ ಹೇಳುವುದು?

ಅಷ್ಟರಲ್ಲಿ ಅಳಿಯ ಸಣ್ಣ ರಜೆಯಲ್ಲಿ ಬಂದರು. ಅವರು ಮಗುವನ್ನು ಎತ್ತಿಕೊಂಡದ್ದು ಅವಳು ತೊಟ್ಟಿಲಲ್ಲಿದ್ದಾಗ; ಆಮೇಲೆಲ್ಲ ಫೋನಿನಲ್ಲೇ ಮುದ್ದು. ಬಾಗಿಲಲ್ಲೇ ಎರಡೂ ಕೈ ಚಾಚಿದರು. ಇವಳು ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿ, ಕಿರುಚಿ, ನನ್ನ ಬೆನ್ನ ಹಿಂದೆ ಅಡಗಿದಳು. ಉಪ್ಪ ಅಂದರೆ ಗಡ್ಡವಿರುವ ಒಂದು ಮುಖ ಎಂದು ನಂಬಿದ್ದ ಮಗುವಿಗೆ, ಅದಕ್ಕೆ ಹೊಟ್ಟೆಯೂ ಕಾಲೂ ಉಂಟೆಂದು ಯಾರು ಹೇಳಿದ್ದರು?

ಎರಡು ದಿನ ಕಳೆದರೂ ಅದೇ ಕಿರುಚಾಟ. "ವಾಪಸ್ ಹೋಗುವುದರೊಳಗೆ ಒಮ್ಮೆ ನನ್ನ ಹತ್ರ ಬಂದ್ರೆ ಸಾಕಿತ್ತು ಮಾಮಿ," ಎಂದರು ಅಳಿಯ. ಅಷ್ಟು ದೊಡ್ಡ ಗಂಡಸಿನ ಕಣ್ಣು ತುಂಬಿತ್ತು. ಒಳಗೆ ಹೋಗಿ ರಟ್ಟಿನ ಫೋನು ತಂದುಕೊಟ್ಟೆ.

ತೂತಿನಲ್ಲಿ ಮುಖ ಕಂಡದ್ದೇ ತಡ, ಅವಳು "ಉಪ್ಪ!" ಎಂದಳು.

ಶುರುವಾಯಿತು ನೋಡಿ ಫಜೀತಿ. ನಮ್ಮಲ್ಲಿ ಅಳಿಯ ಮನೆಗೆ ಬಂದರೆ ಮರ್ಯಾದೆಗೆ ಕಡಿಮೆಯಿಲ್ಲ. ಅಡುಗೆಮನೆ ಅವರಿಗಾಗಿಯೇ ಉರಿಯುತ್ತದೆ. ಆ ಮರ್ಯಾದೆಯ ಅಳಿಯ ನನ್ನ ತುಪ್ಪದನ್ನ, ಕೋಳಿ ಸುಕ್ಕವನ್ನು ತೂತಿನೊಳಗಿಂದ ತುತ್ತು ತುತ್ತಾಗಿ ಉಂಡರು. ಮೊಮ್ಮಗಳು ಬಿಲ್ಲೆ ಒತ್ತಿದಾಗಲೆಲ್ಲ ತಟ್ಟೆ ಬಿಟ್ಟು ಮೇಜಿನಡಿ ಸೇರಿದರು. ಆಗಲೇ ಪಕ್ಕದ ಮನೆಯಾಕೆ ಬರಬೇಕೇ!

"ಎಂತ ಮಾರಾಯ್ರೆ, ಅಳಿಯನನ್ನು ಮೇಜಿನಡಿ ಕೂರಿಸಿದ್ದೀರಿ?"

"ಫೋನ್ ಕಟ್ ಆಗಿದೆ," ಎಂದೆ. ಇನ್ನೆಂತ ಹೇಳುವುದು?

ಇಷ್ಟಾದರೂ ಬಿಲ್ಲೆ ಒತ್ತಲು ಬಿಟ್ಟರೆ ಮಗು ಅವರ ಹತ್ತಿರ ಸುಳಿಯಲಿಲ್ಲ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಳಿಯ ಮುಖದ ಮೇಲೆ ರಟ್ಟು ಇಟ್ಟುಕೊಂಡೇ ಚಾಪೆಯಲ್ಲಿ ನಿದ್ದೆಹೋದರು. ಗೊರಕೆ ಎಂದರೆ ಗೊರಕೆ! ಇವಳು ಬಿಲ್ಲೆ ಒತ್ತಿದಳು. ಗೊರಕೆ ಕಟ್ ಆಗಲಿಲ್ಲ. ಮತ್ತೆ ಒತ್ತಿದಳು, ಬಿಲ್ಲೆಯೇ ಕಿತ್ತುಬಂತು. ಆಮೇಲೆ ಏರಿಳಿಯುವ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಅಲ್ಲಿಂದಲೂ ಸದ್ದು! ಖುಷಿಯಾಗಿ ಮೇಲೆ ಹತ್ತಿ, ಕವುಚಿ ಮಲಗಿಬಿಟ್ಟಳು. ಅಳಿಯನಿಗೆ ಎಚ್ಚರವಾಯಿತು. ರಟ್ಟು ಜಾರಿ ಬಿದ್ದಿತ್ತು. ಅವಳು ಏಳುವವರೆಗೂ ಅವರು ಅಲುಗಾಡಲಿಲ್ಲ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಚಾ ಇಡಲು ಹೋದೆ.

ಮರುದಿನ ಹೋದರು. ಅಲ್ಲಿ ತಲುಪಿ ಫೋನ್ ಮಾಡಿದಾಗ ಅವಳು ಆ ಮುಖವನ್ನು ನೋಡಿದಳು, ಫೋನನ್ನು ತಿರುಗಿಸಿ ಹಿಂದೆಯೂ ನೋಡಿದಳು.

"ಹೊಟ್ಟೆ ಎಲ್ಲಿ?"

ಪಾಪ, ಅಳಿಯ ಕ್ಯಾಮೆರಾ ಇಳಿಸಿ ಹೊಟ್ಟೆ ತೋರಿಸಿದರು. ಅವಳು ಫೋನನ್ನು ನೆಲದಲ್ಲಿಟ್ಟು ಅದರ ಮೇಲೆ ಕವುಚಿ ಮಲಗಿದಳು. ಅಡಿಯಿಂದ ಅವರು "ಹಲೋ, ಹಲೋ" ಎನ್ನುತ್ತಲೇ ಇದ್ದರು.