ಲೆಕ್ಕದ ಬಸ್ಸು ಹತ್ತಿದ ಮಗಳು

ಮೂವತ್ತೆಂಟು ಪ್ರಯಾಣಿಕರಿದ್ದ ಬಸ್ಸಿನಿಂದ ಹನ್ನೆರಡು ಜನ ಇಳಿದು ಒಂಬತ್ತು ಜನ ಹತ್ತಿದರೆ, ಈಗ ಬಸ್ಸಿನಲ್ಲಿ ಎಷ್ಟು ಜನ? ನಾಲ್ಕನೇ ತರಗತಿಯ ನನ್ನ ಮಗಳು ಮೂರೂ ಸಂಖ್ಯೆ ಕೂಡಿಸಿ ‘ಐವತ್ತೊಂಬತ್ತು’ ಎಂದು ಬರೆದು ಬಂದಿದ್ದಳು. ಇಳಿದುಹೋದವರನ್ನೂ ಸೇರಿಸಿದ್ದಾಳಲ್ಲ ಎಂದು ನನಗೆ ರೇಗಿತು. ಪ್ರಶ್ನೆಪತ್ರಿಕೆ ಮಡಚಿಟ್ಟು, “ಇದು ನಾವು ದಿನಾ ಕಳಮಶ್ಶೇರಿಯಲ್ಲಿ ಹತ್ತೋ ಬಸ್ಸು ಅಂದ್ಕೋ. ಪಾಲಾರಿವಟ್ಟಂ ಸ್ಟಾಪ್ ಬಂತು, ಜನ ಇಳಿದ್ರು, ಹತ್ತಿದ್ರು. ಈಗ ಹೇಳು” ಎಂದೆ.

ಅವಳು ಕಣ್ಣು ಮುಚ್ಚಿ, ಬೆರಳು ಮಡಿಸಿ, “ಮೂವತ್ತೇಳು” ಎಂದಳು. ಸರಿಯುತ್ತರ ಮೂವತ್ತೈದು. ಇನ್ನಿಬ್ಬರು ಎಲ್ಲಿಂದ ಬಂದರು ಎಂದು ಕೇಳಿದೆ.

“ಡ್ರೈವರ್ ಚೇಟ್ಟ, ಕಂಡಕ್ಟರ್ ಚೇಟ್ಟ ಬಸ್ಸಲ್ಲೇ ಇರ್ತಾರಲ್ಲ, ಅಮ್ಮಾ!”

ಇಲ್ಲಿನ ಮಲಯಾಳಿ ಮಕ್ಕಳಂತೆ ಅವಳಿಗೂ ಬಸ್ಸಿನ ಅಣ್ಣಂದಿರೆಲ್ಲ ‘ಚೇಟ್ಟ’ರೇ. ಪರೀಕ್ಷೆಯಲ್ಲಿ ಇದಕ್ಕೂ ಅಂಕ ಸಿಗುತ್ತಿರಲಿಲ್ಲವೇನೋ. ನಾನು ಮಾತ್ರ ತಿದ್ದಲು ಹೋಗಲಿಲ್ಲ. ಅಷ್ಟು ದಿನ ಬರೀ ಸಂಖ್ಯೆ ಹೆಕ್ಕುತ್ತಿದ್ದವಳು, ಅವತ್ತು ಆ ಬಸ್ಸನ್ನು ಹತ್ತಿದ್ದಳು.