ಯಾರನ್ನೂ ಕೇಳದೆ ಹಾಕಿದ ಬೀಗ

ಮೈಕಿನ ಮುಂದೆ ನಿಂತರೆ ಮೇಡಮ್ಮನವರ ಎಡಗೈ ತಾನಾಗಿಯೇ ಗಂಟಲಿಗೆ ಹೋಗುತ್ತಿತ್ತು. ಬೆವರಿಗೆ ತಾಳಿಯ ದಾರ ಕುತ್ತಿಗೆಗೆ ಅಂಟಿಕೊಂಡಿರುತ್ತಿತ್ತು. ಅವರು ನಮ್ಮ ಪಂಚಾಯ್ತಿಯ ಪಿಡಿಒ. ಸಂಜೆ ಅಮ್ಮನ ಗುಡಿಯಲ್ಲಿ ಮಂಗಳಾರತಿ ಮುಗಿದ ಮೇಲೆ ಪೂಜಾರಪ್ಪನಿಂದ ಮೈಕು ಇಸಿದುಕೊಂಡು, ಆ ದಿನ ಏನು ಮಾಡಿದೆ, ಏಕೆ ಮಾಡಿದೆ ಎಂದು ಊರಿಗೆಲ್ಲ ಹೇಳುತ್ತಿದ್ದರು. ಯಾರಿಗೂ ತಿಳಿಸದೆ ಏನಾದರೂ ಮಾಡಿದ್ದರೆ ಅದನ್ನೂ ಮುಚ್ಚಿಡುತ್ತಿರಲಿಲ್ಲ: "ಇದನ್ನ ಯಾರ್ನೂ ಕೇಳ್ದೆ ಮಾಡಿದ್ದೀನಿ. ತಪ್ಪಾಗಿದ್ರೆ ಬಂದು ಕೇಳಿ." ನಾನು ಮುದ್ದೆ ತೊಳಸುತ್ತ ಕೇಳಿಸಿಕೊಳ್ಳುತ್ತಿದ್ದೆ.

ನಮ್ಮೂರ ಅಂಗನವಾಡಿಯ ಪಕ್ಕದಲ್ಲೇ ನೀರಿನ ಟ್ಯಾಂಕು. ಅದರ ಒಂದು ಕಂಬದಲ್ಲಿ ಸಿಮೆಂಟು ಉದುರಿ ಕಂಬಿ ಕಾಣಿಸುತ್ತಿತ್ತು. ನನ್ನ ಮಗಳು ಆಡುತ್ತಿದ್ದದ್ದು ಅದರ ನೆರಳಿನಲ್ಲಿ. ಅವಳನ್ನು ಬಿಟ್ಟು ಬಂದರೆ, ಮನೆಯಲ್ಲಿ ಪಾತ್ರೆ ಬಿದ್ದ ಸದ್ದಿಗೂ ಬೀದಿಗೆ ಓಡುತ್ತಿದ್ದೆ. ಒಂದು ಬೆಳಿಗ್ಗೆ ಮೇಡಮ್ಮನವರನ್ನು ಕರೆತಂದು ತೋರಿಸಿದೆ.

"ಇಂಜಿನಿಯರು ನೋಡ್ಬೇಕು, ಮೀಟಿಂಗಲ್ಲಿ ಒಪ್ಬೇಕು ಕಣವ್ವ," ಎನ್ನುತ್ತಿದ್ದಂತೆಯೇ ಅವರ ಕಾಲ ಬಳಿ ಒಂದು ಹೆಂಟೆ ಸಿಮೆಂಟು ಉದುರಿತು. ಮಧ್ಯಾಹ್ನದೊಳಗೆ ಮಕ್ಕಳನ್ನು ಗುಡಿಯ ಮಂಟಪಕ್ಕೆ ಸಾಗಿಸಿ, ಅಂಗನವಾಡಿಗೆ ಬೀಗ ಹಾಕಿಸಿ, ಟ್ಯಾಂಕು ಖಾಲಿ ಮಾಡಿಸಿದರು. ಸಂಜೆ ಮೈಕಿನಲ್ಲಿ ಅದನ್ನೂ ಹೇಳಿದರು.

ನಲ್ಲಿ ಒಣಗಿತು. ಹೆಂಗಸರೆಲ್ಲ ಬೋರ್‌ವೆಲ್ಲಿನಿಂದ ಕೊಡ ಹೊತ್ತೆವು. ಗ್ರಾಮಸಭೆಯಲ್ಲಿ ನನ್ನ ಗಂಡನ ಅಣ್ಣನೇ ಎದ್ದು ನಿಂತರು.

"ಟ್ಯಾಂಕು ನೆಟ್ಟಗೇ ನಿಂತೈತೆ. ಬೀಳ್ತೀನಿ ಅಂತ ನಿಮ್ ಕನ್ಸಲ್ ಬಂದು ಹೇಳ್ತಾ ಮೇಡಮ್ಮ?"

ಸಭೆ ನಕ್ಕಿತು.

"ಇಲ್ಲ ಕಣಣ್ಣ. ಹೆದರ್ಕೊಂಡೆ, ಬೀಗ ಹಾಕ್ಸಿದೆ. ಕೇಳೋಕೆ ಟೈಮಿತ್ತೋ ಇಲ್ವೋ ನಂಗೂ ಗೊತ್ತಿಲ್ಲ. ನಿಮ್ಮನ್ನ ಕೇಳ್ಲಿಲ್ಲ, ಅದು ನಿಜ. ಬರ್ಕೊಳಿ."

ಬರೆದುಕೊಂಡರು. ದೂರು ಮೇಲಕ್ಕೆ ಹೋಯಿತು, ಅವರಿಗೆ ಮಾಗಡಿ ಕಡೆಗೆ ವರ್ಗವಾಯಿತು. ಹೊರಡುವ ದಿನ ಗುಡಿಗೆ ಬಂದಾಗ ಕಾಲಿಗೆ ಬೀಳಹೋದೆ. ತಡೆದು ಹೇಳಿದರು:

"ಟ್ಯಾಂಕು ಬಿದ್ದು ನನ್ ಮಾತು ನಿಜ ಆಗ್ಲಿ ಅಂತ ಮಾತ್ರ ಬೇಡ್ಕಬ್ಯಾಡ ಕಣವ್ವ. ಬೀಳ್ದೇ ಇರ್ಲಿ. ನಂದೇ ತಪ್ಪಾಗ್ಲಿ ಬುಡು."

ಟ್ಯಾಂಕು ಇನ್ನೂ ನಿಂತಿದೆ. ಹೊಸಬರು ಇಂಜಿನಿಯರಿಗೆ ಕಾಯುತ್ತಿದ್ದಾರೆ. ಬೀಗ ತೆಗೆಸೋಣ ಎಂದು ಭಾವನವರು ಆಗಾಗ ಅನ್ನುತ್ತಾರೆ. ಮಂಗಳಾರತಿ ಮುಗಿದೊಡನೆ ಮೈಕು ಸುಮ್ಮನಾಗುತ್ತದೆ, ಇವತ್ತು ಏನು ಮಾಡಿದೆ ಎಂದು ಹೇಳುವವರಿಲ್ಲ. ಮಗಳು ಇವತ್ತೂ ಮಂಟಪದಿಂದ ಮಣ್ಣು ಮೆತ್ತಿಕೊಂಡು ಮನೆಗೆ ಬಂದಳು. ಅಷ್ಟು ದಯೆ ಸಾಕು. ದೀಪ ಹಚ್ಚಿ ಬೇಡಿಕೊಳ್ಳುತ್ತೇನೆ: ತಾಯಿ, ಟ್ಯಾಂಕೂ ಬೀಳದಿರಲಿ, ಆ ಬೀಗವನ್ನೂ ಯಾರೂ ತೆಗೆಯದಿರಲಿ.